ಖಾಲಿ ದೋಣಿಯ ಮೇನೇಜರು

ವಿಲೆ ಪಾರ್ಲೆ ಸ್ಟೇಷನ್ನಿನಲ್ಲಿ ಇಳಿದು ಜುಹೂ ಕಡೆಗೆ ನಡೆದರೆ ಎಡಗಡೆಗೆ ಒಂದು ಉಡುಪಿ ಹೋಟೆಲ್ ಇತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಜಾಗ ಸಿಗುವುದು ಲೋಕಲ್ಲಿನಲ್ಲಿ ಕಿಟಕಿ ಸಿಕ್ಕಷ್ಟೇ ಅಪರೂಪ. ಜನ ಗೋಡೆಗೆ ಒರಗಿ, ಯಾರು ಯಾವಾಗ ಕೈ ತೊಳೆಯಲು ಏಳುತ್ತಾರೋ ಎಂದು ಕಾಯುತ್ತಿದ್ದರು. ಅಂಥ ಹೊತ್ತಿನಲ್ಲೂ ಬಾಗಿಲ ಪಕ್ಕದ ಒಂದು ಟೇಬಲ್ಲಿಗೆ ಯಾರನ್ನೂ ಕೂರಿಸುತ್ತಿರಲಿಲ್ಲ. ಧಾರವಾಡದಿಂದ ಬಂದ ಹೊಸತರಲ್ಲಿ ನಾನು ಗೊತ್ತಿಲ್ಲದೆ ಹೋಗಿ ಅಲ್ಲಿ ಕೂತೆ. ಗಲ್ಲೆಯ ಮೇಲಿದ್ದ ಮನುಷ್ಯ ಪತ್ರಿಕೆಯಿಂದ ತಲೆ ಎತ್ತದೆಯೇ, "ಏಳಿ, ಅದು ನಿಮಗಲ್ಲ" ಎಂದರು.

"ಮತ್ತ ಯಾರಿಗ್ರಿ?" ಎಂದೆ.

"ಅದು ನನಗೂ ಗೊತ್ತಿಲ್ಲ. ಬಂದಾಗ ಗೊತ್ತಾಗ್ತದೆ."

ಹುಚ್ಚನ ಹೋಟೆಲಿಗೆ ಬಂದೆನಲ್ಲ ಎಂದುಕೊಂಡು ಎದ್ದು ಗೋಡೆಗೆ ಒರಗಿದೆ. ನಮ್ಮ ಪರಿಚಯವಾದದ್ದು ಹೀಗೆ.

ಅವರು ಹೋಗಿ ಈಗ ಒಂದು ತಿಂಗಳಾಗಿರಬಹುದು. ಮೊನ್ನೆ ಇಲ್ಲಿನ ಕನ್ನಡ ಸಂಘದವರು ಶ್ರದ್ಧಾಂಜಲಿ ಸಭೆ ಮಾಡಿದರು. ಆ ಸಭೆಗೆ ಹೋಗಿ ಬಂದವನಿಗೆ ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಸಭೆಯಲ್ಲಿ ಆ ಹೆಸರಿನ ಹಿಂದೆ ಮುಂದೆ ಬೇಕಾದಷ್ಟು ವಿಶೇಷಣ ಹಚ್ಚಿದ್ದಾರೆ. ಪಾರ್ಲೆಯ ನಾವೆಲ್ಲ ಅವರನ್ನು ಮೇನೇಜರು ಎಂದೇ ಕರೆಯುತ್ತಿದ್ದೆವು.

ಒಳ್ಳೆಯವರು, ಸಾಧು, ಅಜಾತಶತ್ರು ಎಂದೆಲ್ಲ ಅಲ್ಲಿ ಹೇಳಿದರು. ಶುದ್ಧ ಸುಳ್ಳು. ಅವರಿಗೆ ಮೂಗಿನ ಮೇಲೆ ಕೋಪ. ಕಾಫಿ ತಣ್ಣಗಿದೆ ಎಂದವನಿಗೆ, "ನೀವು ಮಾತಾಡ್ತಾ ಇದ್ದದ್ದು ಕಾಫಿಗೆ ಹೇಗೆ ಗೊತ್ತಾಗ್ಬೇಕು?" ಎನ್ನುತ್ತಿದ್ದರು. ತಾನು ಮೆಟ್ರಿಕ್ ಪಾಸು ಎಂಬುದನ್ನು ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಊರು ಗಂಗೊಳ್ಳಿ ಕಡೆ. ಯುದ್ಧದ ಕಾಲದಲ್ಲಿ ಮುಂಬಯಿ ಬಂದರಿನಲ್ಲಿ ಲಾಂಚುಗಳ ಮೇಲ್ವಿಚಾರಣೆಯಲ್ಲಿದ್ದವರು. ಮೇಲಿನ ಸಾಹೇಬನಿಗೆ ಎದುರು ಮಾತಾಡಿ ಆ ಕೆಲಸ ಬಿಟ್ಟು, ಹೆಂಡತಿಯ ಕಡೆಯ ನೆಂಟರ ಈ ಹೋಟೆಲಿಗೆ ಬಂದು ಕೂತಿದ್ದರು. ಸಾಂಬಾರಿನ ವಾಸನೆಯ ನಡುವೆ ಕೂತರೂ ಅವರ ಲೆಕ್ಕಾಚಾರವೆಲ್ಲ ನೀರಿನದೇ.

ಖಾಲಿ ಟೇಬಲ್ಲಿನ ಗುಟ್ಟು ಆಮೇಲೆ ಗೊತ್ತಾಯಿತು. ನೀರಿಗೆ ಬಿದ್ದವರನ್ನು ತರಲು ಹೋಗುವ ದೋಣಿ ಖಾಲಿ ಇರಬೇಕು, ಇಲ್ಲವಾದರೆ ಅದು ದೋಣಿಯೇ ಅಲ್ಲ ಎಂಬುದು ಅವರ ಸಿದ್ಧಾಂತ. ಅದನ್ನೇ ತಂದು ಹೋಟೆಲಿಗೂ ಹಚ್ಚಿದ್ದರು. ಒಂದು ದಿನ ಬಿಸಿಲಿಗೆ ಬವಳಿ ಬಂದು ರಸ್ತೆಯಲ್ಲಿ ಕುಸಿದ ಗುಜರಾತಿ ಮುದುಕನೊಬ್ಬನನ್ನು ಎತ್ತಿ ತಂದು ಆ ಟೇಬಲ್ಲಿನ ಬೆಂಚಿನ ಮೇಲೆ ಮಲಗಿಸಿದರು. ಮುದುಕ ಮಜ್ಜಿಗೆ ಕುಡಿದು ಎದ್ದು ಹೋದ. ಅಷ್ಟೇ ವಿಷಯ. ಅದನ್ನು ಮೇನೇಜರು ವರ್ಷಗಟ್ಟಲೆ ಹೇಳಿದರು. ತಾನು ಸರಿ ಎಂದು ರುಜುವಾತಾದಾಗ ಅವರ ಮುಖ ನೋಡುವಂತಿರಲಿಲ್ಲ, ಅಷ್ಟು ಬೀಗುತ್ತಿದ್ದರು.

ಅವರ ಹೆಂಡತಿ ಹೋಟೆಲಿನ ಹಿಂದಿನ ಖೋಲಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಮಾತು ಕಡಿಮೆ, ಆದರೆ ಆಡಿದರೆ ಚುರುಕು. "ಇವ್ರಿಗೆ ಟೇಬಲ್ ಖಾಲಿ ಬೇಕು, ದೋಣಿ ಖಾಲಿ ಬೇಕು. ನಮ್ಮ ಮನೆ ಅಕ್ಕಿ ಡಬ್ಬ ಮಾತ್ರ ಯಾರೂ ಹೇಳದೆ ಖಾಲಿ ಉಂಟು" ಎಂದು ಒಳಗಿನಿಂದಲೇ ಹೇಳುವರು. ಮೇನೇಜರು ಕೇಳಿಸದವರ ಹಾಗೆ ಪತ್ರಿಕೆ ತಿರುವಿ ಹಾಕುವರು.

ಇವರನ್ನು ಎದುರಿಗೇ ಚೇಷ್ಟೆ ಮಾಡುವ ಧೈರ್ಯವಿದ್ದವನೆಂದರೆ ನನ್ನ ಜೊತೆ ಖೋಲಿಯಲ್ಲಿದ್ದ ವಿರೂಪಾಕ್ಷ ಒಬ್ಬನೇ. ಗದಗಿನವನು, ನನ್ನದೇ ಕಚೇರಿಯ ಗುಮಾಸ್ತ. ಅವನು ನಕ್ಕರೆ ಚಾಳಿನ ಎರಡೂ ಮಹಡಿಗೆ ಕೇಳಿಸುತ್ತಿತ್ತು. "ಮೇನೇಜರ್ರ, ಈ ಖಾಲಿ ಟೇಬಲ್ಲಿಗೆ ಒಂದು ವರಾ ನೋಡಿ ಲಗ್ನಾ ಮಾಡಿಬಿಡ್ರಿ, ಪಾಪ, ಒಂಟಿ ನಿಂತೈತಿ" ಎಂದರೆ, ಮೇನೇಜರು ಗುರ್ ಎಂದು ನೋಡಿ, ತಾವೇ ಎದ್ದು ಹೋಗಿ ಅವನ ತಟ್ಟೆಗೆ ಇನ್ನಷ್ಟು ಚಟ್ನಿ ಹಾಕಿ ಬರುತ್ತಿದ್ದರು. ಬೇರೆ ಯಾರಿಗೂ ಅವರು ಕೈಯಾರೆ ಬಡಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಸಂಘ ಗಣಪತಿ ಕೂರಿಸುತ್ತಿತ್ತು. ಅನಂತ ಚತುರ್ದಶಿಯ ಸಂಜೆ ಜುಹೂ ದಂಡೆಯಲ್ಲಿ ವಿಸರ್ಜನೆ. ಒಂದು ವರ್ಷ ಬೇರೆ ಯಾರದೋ ಮಂಡಳದ ಹುಡುಗರು ನೀರಿನಲ್ಲಿ ಸಿಕ್ಕಿಕೊಂಡು, ಅಲ್ಲಿನ ಕೋಳಿ ಜಾತಿಯ ಬೆಸ್ತರು ಹೋಗಿ ಎಳೆದು ತಂದಿದ್ದರು. ಹೆದರಿದ ಸಮಿತಿಯವರು ಮುಂದಿನ ವರ್ಷಕ್ಕೆ ಮೇನೇಜರ ಹತ್ತಿರ ಬಂದರು. ಅವರು ಅದಕ್ಕಾಗಿಯೇ ಕಾದು ಕೂತವರ ಹಾಗೆ ಒಪ್ಪಿಕೊಂಡರು.

ಆ ವರ್ಷ ಶ್ರಾವಣದ ನಾರಳಿ ಹುಣ್ಣಿಮೆ ಕಳೆದು ಬೆಸ್ತರು ದೋಣಿಗಳನ್ನು ನೀರಿಗೆ ಇಳಿಸಿದ ಮೇಲೆ ಅವರಲ್ಲಿ ಒಬ್ಬನಿಂದ ಹಗುರವಾದ ದೋಣಿಯೊಂದನ್ನು ಗೊತ್ತು ಮಾಡಿದರು. ಹುಟ್ಟು ಹಾಕುವವರು ಹೋಟೆಲಿನವರೇ: ಅಡುಗೆಯ ಸುಬ್ಬಣ್ಣ, ರುಬ್ಬುವವನು, ಇಬ್ಬರು ಸಪ್ಲಾಯರುಗಳು. ಎಲ್ಲರೂ ಕರಾವಳಿಯವರು, ನೀರು ಕಂಡವರು. ಆದರೂ ಮೇನೇಜರಿಗೆ ನಂಬಿಕೆಯಿಲ್ಲ. ಊಟದ ಗಲಾಟೆ ಮುಗಿದ ಮೇಲೆ ಬೆಂಚನ್ನು ದೋಣಿ ಮಾಡಿ ಅವರನ್ನು ಸಾಲಾಗಿ ಕೂರಿಸುತ್ತಿದ್ದರು. ಹುಟ್ಟು ಹಿಡಿಯದವನು ತನ್ನ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಮುಳುಗುವವನನ್ನು ಕಂಡಕೂಡಲೇ ಎಲ್ಲರೂ ಅಯ್ಯೋ ಎಂದು ಒಂದೇ ಬದಿಗೆ ಏಳುತ್ತಾರೆ, ದೋಣಿ ಮಗುಚಿ ಉಳಿದವರೂ ಮುಳುಗುತ್ತಾರೆ. ಎಳೆಯುವವನು ಒಬ್ಬನೇ, ಅದೂ ದೋಣಿಯ ಹಿಂಬದಿಯಿಂದ, ಮಗ್ಗುಲಿನಿಂದಲ್ಲ. ಉಳಿದವರ ಕೈಗೆ ಕೆಲಸವಿಲ್ಲ. ಚಹಾಕ್ಕೆ ಬಂದ ಗಿರಾಕಿಗಳು ನಗುತ್ತಿದ್ದರು. ಒಮ್ಮೆ ನನ್ನನ್ನೂ ಬೆಂಚಿನ ಮೇಲೆ ಕೂರಿಸಿ, ವಿರೂಪಾಕ್ಷನನ್ನು ನೆಲದ ಮೇಲೆ ಮಲಗಿಸಿ ಕೂಗು ಎಂದರು. ಅವನು ಕೂಗಿದ ರೀತಿಗೆ ನಾನು ಎದ್ದುಬಿಟ್ಟೆ. "ಹೋಯ್ತು. ನಿಮ್ಮಿಂದ ಎಲ್ಲರೂ ಸತ್ತರು. ನಿಮ್ಮ ಧಾರವಾಡದಲ್ಲೇ ಇರಿ" ಎಂದರು.

ಯೋಜನೆ ಹೇಳುವಾಗ ಟೇಬಲ್ಲೇ ಸಮುದ್ರ. ಉದ್ದಕ್ಕೆ ಚೆಲ್ಲಿದ ಸಕ್ಕರೆ ಮರಳ ದಿಬ್ಬ, ಚಟ್ನಿ ಬಟ್ಟಲು ಗಣಪತಿ, ಬೋರಲು ಹಾಕಿದ ಗ್ಲಾಸು ದೋಣಿ.

"ಚತುರ್ದಶಿಗೆ ಸಂಜೆ ನೀರು ದೂರ ಹೋಗಿರ್ತದೆ. ಜನ ನೋಡ್ತಾರೆ, ಓ ಮೊಣಕಾಲು ನೀರು ಅಂತ ಒಳಗೆ ಹೋಗ್ತಾರೆ. ಈ ದಿಬ್ಬದ ಮೇಲೆ ನಿಂತು ಕುಣೀತಾರೆ. ದಿಬ್ಬಕ್ಕೂ ದಡಕ್ಕೂ ಮಧ್ಯೆ ಒಂದು ಕಾಲುವೆ ಉಂಟು. ನೀರು ತಿರುಗಿದಾಗ ಮೊದಲು ತುಂಬುದು ಅದು. ಇವ್ರ ಮುಖ ಸಮುದ್ರಕ್ಕೆ, ನೀರು ಬರುದು ಬೆನ್ನಿಂದ."

"ಹಂಗಾದ್ರ ದೋಣಿ ಎಲ್ಲಿ ನಿಂದರಸ್ತೀರಿ?" ವಿರೂಪಾಕ್ಷ ಕೇಳಿದ.

"ಕಾಲುವೆಯಲ್ಲಿ. ಮೂತಿ ಸಮುದ್ರಕ್ಕೆ. ಖಾಲಿ."

"ಒಬ್ಬಿಬ್ಬರು ಕುಂತ್ರ ಏನಾಗ್ತೈತ್ರಿ?"

"ಕೂತವನನ್ನು ಇಳಿಸ್ಲಿಕ್ಕೆ ಒಂದು ಮಾತು ಬೇಕು. ಅವ ಯಾಕೆ ಅಂತ ಕೇಳ್ತಾನೆ, ಅದಕ್ಕೆ ಇನ್ನೊಂದು ಮಾತು. ಅಷ್ಟು ಪುರುಸೊತ್ತು ನೀರಿಗಿಲ್ಲ ಮಾರಾಯ" ಎಂದು ಹೇಳಿ, ಒದ್ದೆ ಬಟ್ಟೆಯಿಂದ ಸಮುದ್ರವನ್ನು ಒರೆಸಿ ಹಾಕಿದರು.

ಮೊದಲ ವರ್ಷ ಎಲ್ಲವೂ ಅವರು ಹೇಳಿದಂತೆ ನಡೆಯಿತು. ನೀರು ತಿರುಗುವ ಮೊದಲೇ ಕಾಲುವೆಯಲ್ಲಿ ನಿಂತು ಹಿತ್ತಾಳೆಯ ತಾಟು ಬಡಿದು ಬಡಿದು ಜನರನ್ನು ವಾಪಸು ಕರೆಸಿದರು. ಯಾರೂ ಮುಳುಗಲಿಲ್ಲ. ಯಾರೂ ಮುಳುಗದೆ ಇದ್ದುದರಿಂದಲೇ ಸಮಿತಿಯಲ್ಲಿ, ದೋಣಿ ಸುಮ್ಮನೆ ನಿಂತಿತ್ತಲ್ಲ ಎಂಬ ಮಾತು ಬಂತು. ನಮ್ಮ ಜನರಿಗೆ ಹೆಣ ಬಿದ್ದರಷ್ಟೇ ದೋಣಿಯ ಉಪಯೋಗ ಕಾಣುತ್ತದೆ.

ಎರಡನೆಯ ವರ್ಷ ಗಣಪತಿಯ ಖರ್ಚು ವಹಿಸಿಕೊಂಡವರು ಬಟ್ಟೆ ವ್ಯಾಪಾರದ ಒಬ್ಬ ದೊಡ್ಡ ಮನುಷ್ಯರು, ಬೆಳಗಾವಿಯವರು. ಅವರಿಗೆ ತಮ್ಮ ಮುಪ್ಪಿನ ತಾಯಿ, ಮನೆಮಂದಿ ಎಲ್ಲರೂ ನೀರಿನ ಮೇಲಿಂದ ವಿಸರ್ಜನೆ ನೋಡಬೇಕೆಂಬ ಆಸೆ. ಗಣಪತಿಯ ದೋಣಿಯಲ್ಲಿ ಜಾಗವಿಲ್ಲ. ಸಂಘದ ಅಧ್ಯಕ್ಷರು ಹೋಟೆಲಿಗೆ ಬಂದು, "ನೋಡ್ರಿ, ನಿಮ್ಮದು ಹ್ಯಾಂಗೂ ಖಾಲಿ ಇರತೈತಲ್ಲ" ಎಂದರು. ಅವರು ವಕೀಲರು, ಅವರಿಗೆ ಅದು ಒಳ್ಳೆಯ ವಾದವಾಗಿ ಕಂಡಿರಬೇಕು. ಮೇನೇಜರು ಆಗುವುದಿಲ್ಲ ಎಂದರು. ಅಧ್ಯಕ್ಷರು ನೇರ ಮಾಲೀಕರ ಹತ್ತಿರ ಹೋದರು. ಮಾಲೀಕರಿಗೆ ಆ ವ್ಯಾಪಾರಿಯಿಂದ ಏನೇನು ಆಗಬೇಕಿತ್ತೋ ನನಗೆ ಗೊತ್ತಿಲ್ಲ. ದೋಣಿ ಕೊಡದಿದ್ದರೆ ಹುಟ್ಟು ಹಾಕುವ ಯಾರೂ ಮಾರನೆಯ ದಿನದಿಂದ ಕೆಲಸಕ್ಕೆ ಬರುವುದು ಬೇಡ ಎಂದರಂತೆ. ತನ್ನೊಬ್ಬನ ಕೆಲಸವಾಗಿದ್ದರೆ ಮೇನೇಜರು ಆಗಲೇ ಎದ್ದು ಹೋಗುತ್ತಿದ್ದರು, ಹೋಗಿ ಅಭ್ಯಾಸವಿದ್ದವರು. ಸುಬ್ಬಣ್ಣನಿಗೆ ಊರಿನಲ್ಲಿ ಮೂರು ಹೆಣ್ಣು ಮಕ್ಕಳು. ಮೇನೇಜರು ಹ್ಞೂಂ ಎಂದರು. ಅವರು ಜೀವನದಲ್ಲಿ ಇನ್ನೊಬ್ಬರ ಮಾತಿಗೆ ಹ್ಞೂಂ ಎಂದದ್ದು ಅದೊಂದೇ ಇರಬೇಕು.

ಆ ಸಂಜೆ ನಾನು ದಡದಲ್ಲಿದ್ದೆ. ನೀರೆಂದರೆ ನನಗೆ ಹೆದರಿಕೆ. ವಿರೂಪಾಕ್ಷ ಗುಲಾಲು ಬಳಿದುಕೊಂಡು ದಿಬ್ಬದ ಮೇಲೆ ಕುಣಿಯುವವರ ಮಧ್ಯೆ ಇದ್ದ. ಗಣಪತಿಯ ದೋಣಿ ದಿಬ್ಬವನ್ನು ದೂರದಿಂದ ಸುತ್ತಿ ಆಚೆ ಹೋಯಿತು. ಅದರ ಹಿಂದೆ, ಕಾಲುವೆಯಲ್ಲಿ ನಿಲ್ಲಬೇಕಾಗಿದ್ದ ದೋಣಿ ವ್ಯಾಪಾರಿಯ ಮನೆಮಂದಿಯನ್ನು ಹೊತ್ತು ತಾನೂ ಆಚೆ ಹೋಯಿತು. ಮೇನೇಜರು ಹಿಂದೆ ನಿಂತು ತಾಟು ಬಡಿಯುತ್ತಿದ್ದರು. ಡೋಲು ಲೇಜಿಮಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರೂ ಅದನ್ನು ಮೇಳದ್ದೇ ಒಂದು ತಾಳವೆಂದುಕೊಂಡರು.

ಗಣಪತಿ ಮುಳುಗಿತು. ದೇವರು ಹೋದ ಮೇಲೆ ಅವನು ಕೂತಿದ್ದ ಮಣೆಯನ್ನು ತಲೆಯ ಮೇಲೆ ಹೊತ್ತು ವಾಪಸು ತರುವುದು ಪದ್ಧತಿ. ಮಣೆ ನೀರಿಗೆ ತಾಗಬಾರದು ಎಂದು ಯಾರೋ ಹೇಳಿದ್ದರಂತೆ. ವಿರೂಪಾಕ್ಷ ಅದನ್ನು ಗಣಪತಿಯ ದೋಣಿಯವರಿಂದ ಇಸಿದುಕೊಂಡು, ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ದಡಕ್ಕೆ ಹೊರಟ. ಅವನ ಹಿಂದೆ ಇನ್ನೂ ಮೂವರು. ಹೋಗುವಾಗ ಮೊಣಕಾಲು ಮುಳುಗದ ಕಾಲುವೆ ಅದು. ಮೊದಲು ಅವನ ಎದೆ ಹೋಯಿತು, ಆಮೇಲೆ ಭುಜ. ದಡದಲ್ಲಿದ್ದ ನಮಗೆ ಮಣೆ ಮಾತ್ರ ನೆಟ್ಟಗೆ ಬರುವುದು ಕಾಣುತ್ತಿತ್ತು. ನಾವು ಕೂಗಿದೆವು. ಅವನು ಕೈ ಬಿಡಲಿಲ್ಲ.

ದಿಬ್ಬದ ಆಚೆ ಆಗ ನಡೆದದ್ದನ್ನು ಆಮೇಲೆ ಸುಬ್ಬಣ್ಣ ಹೇಳಿದ. ತುಂಬಿದ ದೋಣಿ ದಿಬ್ಬ ದಾಟುವುದಿಲ್ಲ, ತಳ ಮರಳಿಗೆ ಹತ್ತುತ್ತದೆ. ಸುತ್ತಿ ಬರಲು ಹೊತ್ತಿಲ್ಲ. ಖಾಲಿಯಾದರೆ ದಾಟುತ್ತದೆ. ಮೇನೇಜರು ದೋಣಿಯನ್ನು ದಿಬ್ಬಕ್ಕೆ ತಾಗಿಸಿ, "ಎಲ್ಲರೂ ಇಲ್ಲಿ ಇಳೀರಿ. ಒಬ್ಬರ ಕೈ ಒಬ್ಬರು ಹಿಡ್ಕೊಂಡು ನಿಲ್ಲಿ. ಸುಬ್ಬಣ್ಣ ಜೊತೆಗಿರ್ತಾನೆ, ಮತ್ತೆ ಬಂದು ಕರ್ಕೊಂಡು ಹೋಗ್ತೇನೆ" ಎಂದರು.

"ಆಯೀನ್ನ ನೀರಾಗ ಇಳಸ್ತೀರೇನು? ತಲಿ ನೆಟ್ಟಗೈತಿಲ್ಲೋ? ಮೊದಲ ನಮ್ಮನ್ನ ದಂಡಿಗೆ ಮುಟ್ಟಸ್ರಿ" ಎಂದು ವ್ಯಾಪಾರಿ ದೋಣಿಯ ಅಂಚು ಹಿಡಿದು ಕೂತುಬಿಟ್ಟರು.

ಆ ತಾಯಿ ಮಗನಿಗಿಂತ ಮೇಲು. "ಅಲ್ಲೆ ಯಾರೋ ಮುಳಗಾಕತ್ತಾರಂತೋ, ಬಿಡೋ ನನ್ನ ಕೈ" ಎಂದು ಜರಿ ಸೀರೆ ಎತ್ತಿ ಕಟ್ಟಿ ತಾನೇ ಮೊದಲು ಇಳಿದಳಂತೆ. ಮಗನನ್ನು ಇಳಿಸಲು ಇನ್ನೂ ಮಾತು ಬೇಕಾಯಿತು. ಕೊನೆಗೆ ಮೇನೇಜರು ಅವರ ಕಂಕುಳಿಗೆ ಕೈ ಹಾಕಿ ಎತ್ತಿ ನೀರಿಗೆ ಇಳಿಸಿದರು.

ಹಗುರಾದ ದೋಣಿ ದಿಬ್ಬ ದಾಟಿದ ರೀತಿಯನ್ನು ನಾನು ಕಣ್ಣಾರೆ ಕಂಡೆ. ಬರುವ ಅಲೆಯೊಂದಕ್ಕೆ ಕಾದು ಅದರ ಬೆನ್ನ ಮೇಲೆ ಜಾರಿಸಿದರು. ದಾಟಿದ ಕೂಡಲೇ ಮೂತಿಯನ್ನು ಸಮುದ್ರಕ್ಕೆ ತಿರುಗಿಸಿ, ಹಿಂದುಹಿಂದಾಗಿ ಕಾಲುವೆಗೆ ಇಳಿಸಿಕೊಂಡು ಬಂದರು. ಯಾವ ಅವಸರವೂ ಕಾಣಲಿಲ್ಲ. ದಡದ ಜನ ಬೇಗ ಬೇಗ ಎಂದು ಬೈಯುತ್ತಿದ್ದರು. ಒಬ್ಬರಂಗಿ ಒಬ್ಬರು ಹಿಡಿದು ಒದ್ದಾಡುತ್ತಿದ್ದ ಮೂವರನ್ನು ಹಿಂಬದಿಯಿಂದ ಒಬ್ಬೊಬ್ಬರಾಗಿ ಎಳೆದು ಹಾಕಿಕೊಂಡರು. ದೋಣಿಯಲ್ಲಿದ್ದವರು ಯಾರೂ ಏಳಲಿಲ್ಲ. ಅಂಥ ಕೆಲಸವನ್ನು ನಾನು ಮತ್ತೆ ನೋಡಿಲ್ಲ, ನೋಡಬೇಕಾಗಿಯೂ ಇಲ್ಲ.

ಮಣೆ ತೇಲುತ್ತಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ. ದಿಬ್ಬದ ಮೇಲೆ ಉಳಿದವರನ್ನೆಲ್ಲ ದಡಕ್ಕೆ ಮುಟ್ಟಿಸಿ, ಕತ್ತಲಾಗುವವರೆಗೆ ಮೇನೇಜರು ಕಾಲುವೆಯಲ್ಲಿ ಸುತ್ತಿದರು. ವಿರೂಪಾಕ್ಷ ಸಿಕ್ಕಿದ್ದು ಮಾರನೆಯ ದಿನ ವರ್ಸೋವಾ ಕಡೆ. ಅವನ ಅಣ್ಣ ಗದಗಿನಿಂದ ಬಂದಾಗ ಮೇನೇಜರು ಅವನೆದುರು ನಿಂತು ಒಂದೇ ಮಾತು ಆಡಿದರು. "ಮಣೆ ಮರದ್ದು. ಎದೆ ಕೆಳಗೆ ಇಟ್ಕೊಂಡಿದ್ರೆ ಬರ್ತಿದ್ದ. ನಾನು ಕಾಲುವೆಯಲ್ಲಿ ಇದ್ದಿದ್ರೆ ಅದನ್ನು ಕೂಗಿ ಹೇಳ್ತಿದ್ದೆ."

ಸಂಘ ಸಭೆ ಸೇರಿತು. ವಿರೂಪಾಕ್ಷನಿಗಾಗಿ ಎದ್ದು ನಿಂತೆವು, ಕೂತೆವು. ಆಮೇಲೆ ಮಾತೆಲ್ಲ ಬೇರೆ ವಿಷಯದ್ದು. ಅಧ್ಯಕ್ಷರು, "ಹಿರಿ ಹೆಣ್ಣಮಗಳನ್ನ ನೀರಾಗ ಇಳಿಸಿದ್ದು, ದಾನಿಗಳ ಮೈಮ್ಯಾಲೆ ಕೈ ಹಾಕಿದ್ದು ನಮ್ಮ ಸಂಘಕ್ಕ ಶೋಭಾ ತರೂ ಮಾತಲ್ಲ" ಎಂದರು. ದಾನಿಗಳಿಗೆ ನೆಗಡಿಯಾಗಿತ್ತಂತೆ. ಮೇನೇಜರು ಕ್ಷಮೆ ಕೇಳಬೇಕೆಂದು ತೀರ್ಮಾನವಾಯಿತು. ಅವರು ಎದ್ದು ನಿಂತರು.

"ತಪ್ಪಾಯ್ತು" ಎಂದರು. "ಹತ್ತಿಸ್ಕೊಳ್ಬಾರದಿತ್ತು."

ಮೊದಲನೆಯ ಮಾತನ್ನು ಅಧ್ಯಕ್ಷರು ಕೇಳಿಸಿಕೊಂಡರು, ಎರಡನೆಯದನ್ನು ಕೇಳಿಸಿಕೊಳ್ಳಲಿಲ್ಲ. ನಾನು ಎದ್ದು, "ವಿರೂಪಾಕ್ಷಂದು ಏನ್ರಿ? ದೋಣಿ ಯಾಕ ಕಾಲುವ್ಯಾಗ ಇರಲಿಲ್ಲ, ಅದನ್ನ ಯಾರೂ ಕೇಳಂಗಿಲ್ಲೇನು?" ಎಂದೆ. "ಅದು ದೈವೇಚ್ಛಾ ಐತ್ರಿ. ಗಣಪತಿ ಮಣಿ ಸಿಕ್ಕತಲ್ಲ, ಕಾರ್ಯ ಪೂರ್ತಿ ಆತು" ಎಂದು ಹೇಳಿ ಅಧ್ಯಕ್ಷರು ವಂದನಾರ್ಪಣೆಗೆ ಕರೆದರು. ಆ ಮಣೆ ಸಂಘದಲ್ಲಿ ಇನ್ನೂ ಇದೆ. ಅದರ ಮೇಲೆ ಪ್ರತಿ ವರ್ಷ ಗಣಪತಿ ಕೂರಿಸುತ್ತಾರೆ. ನಾನು ಹೋಗುವುದಿಲ್ಲ.

ಆ ವಾರವೇ ಹೋಟೆಲಿನ ಮಾಲೀಕರು ಮೇನೇಜರನ್ನು ಬಿಡಿಸಿದರು. ಸುಬ್ಬಣ್ಣ ಮೊದಲಾದವರ ಕೆಲಸ ಉಳಿಯಿತು. ಬಾಗಿಲ ಪಕ್ಕದ ಟೇಬಲ್ಲಿಗೆ ಮಾರನೆಯ ದಿನದಿಂದಲೇ ಗಿರಾಕಿಗಳು ಕೂತರು.

ಮೇನೇಜರು ಹೆಂಡತಿಯೊಡನೆ ಚೆಂಬೂರಿಗೆ ಹೋದರು. ಅಲ್ಲಿ ಕಾರ್ಖಾನೆಗಳ ಕೂಲಿಕಾರರಿಗೆ ಊಟ ಹಾಕುವ ಒಂದು ತಗಡಿನ ಶೆಡ್ಡು ನಡೆಸುತ್ತಿದ್ದರು. ನಾನು ಆಗಾಗ ಹೋಗುತ್ತಿದ್ದೆ. ಕೋಪ ಹೋಗಿತ್ತು, ಅದೇ ನನಗೆ ಸಹಿಸಲಾಗಲಿಲ್ಲ. ಅನ್ನ ಬೆಂದಿಲ್ಲ ಎಂದವನಿಗೆ ಬೇರೆ ಅನ್ನ ತಂದು ಹಾಕಿ ಸುಮ್ಮನೆ ಹೋಗುತ್ತಿದ್ದರು. ಮೆಟ್ರಿಕ್ಕಿನ ಮಾತಿಲ್ಲ. ಸಮುದ್ರದ ಹಿನ್ನೀರು ಒಳಬರುವ ಖಾಡಿ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಆ ಕಡೆಗೆ ಅವರು ಒಂದು ದಿನವೂ ಹೋಗಲಿಲ್ಲ ಎಂದು ಹೆಂಡತಿ ಹೇಳಿದರು. ಆ ದೋಣಿಯ ವಿದ್ಯೆಯನ್ನು ನಾಲ್ಕು ಜನಕ್ಕಾದರೂ ಕಲಿಸಿ ಎಂದು ನಾನು ಹೇಳಿದರೆ, "ಕಲಿತವರೇ ಅವತ್ತು ದೋಣಿಯಲ್ಲಿ ಇದ್ದದ್ದು. ನಾನೂ ಇದ್ದೆ" ಎಂದು ಮಾತು ಮುಗಿಸಿದರು.

ಶೆಡ್ಡಿನಲ್ಲೂ ಒಂದು ಬೆಂಚು ಖಾಲಿ ಇತ್ತು. ಕೂಲಿಕಾರರು ನೆಲದ ಮೇಲೆ ಕೂತು ಉಣ್ಣುತ್ತ ಅದನ್ನು ಮರಾಠಿಯಲ್ಲಿ ಬೈಯುತ್ತಿದ್ದರು. ಹಳೆಯ ಸಲಿಗೆಯಿಂದ ಅವರನ್ನು ನಗಿಸೋಣವೆಂದು ನಾನು, "ಇದು ಯಾರಿಗ್ರಿ ಮೇನೇಜರ್ರ? ಈಗರ ಗೊತ್ತೈತೋ ಇಲ್ಲೋ?" ಎಂದೆ.

"ಈಗ ಗೊತ್ತುಂಟು" ಎಂದರು. "ಆದ್ರೆ ಅವ ಬರುದಿಲ್ಲ."

ಅವರು ಹೋದದ್ದು ಆ ಶೆಡ್ಡಿನಲ್ಲೇ, ಜ್ವರ ಬಂದು. ಸುದ್ದಿ ತಿಳಿದ ಸಂಘದವರಿಗೆ ಇದ್ದಕ್ಕಿದ್ದ ಹಾಗೆ, ಅವರು ಸಂಘದ ಕಾರ್ಯದಲ್ಲಿ ಮೂರು ಜೀವ ಉಳಿಸಿದವರು ಎಂಬುದು ನೆನಪಾಯಿತು. ಶಾಲೆಯ ಹಾಲಿನಲ್ಲಿ ಸಭೆ. ಜನ ತುಂಬಿ ಬಾಗಿಲವರೆಗೆ ನಿಂತಿದ್ದರು. ಅದೇ ಅಧ್ಯಕ್ಷರು, ಅದೇ ವಂದನಾರ್ಪಣೆಯವರು. ವಿರೂಪಾಕ್ಷನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಮಾತ್ರ ಖಾಲಿ, ಅದರ ಮೇಲೆ ಒಂದು ಟವೆಲು. ತಿರುಗಿ ನೋಡಿದರೆ ಮೇನೇಜರ ಹೆಂಡತಿ ಬಾಗಿಲ ಹತ್ತಿರ ಸುಬ್ಬಣ್ಣನ ಪಕ್ಕದಲ್ಲಿ ನಿಂತಿದ್ದಾರೆ. ಅವರನ್ನು ಕೂರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಹೋಗಿ ಅಧ್ಯಕ್ಷರಿಗೆ, "ಅವರ ಹೆಂಡತಿ ನಿಂತಾರ್ರಿ" ಎಂದೆ.

"ಅದು ದಾನಿಗಳಿಗೆ ಇಟ್ಟದ್ದು ಐತ್ರಿ. ಬರತೀನಿ ಅಂದಾರ. ಖಾಲಿ ಇಡಬೇಕಾಗತೈತಿ" ಎಂದರು.

ನನ್ನ ಮೈ ಉರಿಯಿತು. ಟವೆಲು ಎತ್ತಿ ಒಗೆದು, ಇಡೀ ಹಾಲಿಗೆ ಕೇಳುವಂತೆ ಅವರನ್ನು ಕರೆದೆ. ಭಾಷಣ ಮಾಡುತ್ತಿದ್ದವರು ನಿಲ್ಲಿಸಿದರು. ಮೇನೇಜರ ಹೆಂಡತಿ ನಡುವಿನ ದಾರಿಯಲ್ಲಿ ಮೆಲ್ಲಗೆ ನಡೆದು ಬಂದರು. ಕುರ್ಚಿಯ ಹತ್ತಿರ ಬಂದು ಅದನ್ನೊಮ್ಮೆ, ಅಧ್ಯಕ್ಷರನ್ನೊಮ್ಮೆ ನೋಡಿದರು. ಬಗ್ಗಿ ಟವೆಲನ್ನು ಎತ್ತಿ, ಕೊಡವಿ, ಮೊದಲಿನ ಹಾಗೆ ಕುರ್ಚಿಯ ಮೇಲೆ ಹಾಸಿದರು.

"ಬೇಡ ಮಾರಾಯ್ರೆ, ಖಾಲಿಯೇ ಇರ್ಲಿ" ಎಂದರು. "ಒಂದು ಜಾಗ ಖಾಲಿ ಇಡ್ಲಿಕ್ಕೆ ಇವ್ರಿಗೆ ಈಗಾದ್ರೂ ಬಂತಲ್ಲ."

ದಾನಿಗಳು ಬರಲಿಲ್ಲ. ಸಭೆ ಮುಗಿಯುವವರೆಗೂ ಮೇನೇಜರ ಹೆಂಡತಿ ಆ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದರು.